ಜೊತೆಗೆ ಹೊರಡುವ ಮುಂಚೆ, ಬೇರೆ ಆಗುವ ಮಾತಾಡಿಕೊಳ್ಳಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವಳು, ವಯಸ್ಸು 27. ನಾನು ಮತ್ತು ನನ್ನ ಹೈಸ್ಕೂಲ್ ಗೆಳತಿ ಸೇರಿ ಮೂರು ತಿಂಗಳು ವಿಯೆಟ್ನಾಂ ಸುತ್ತಬೇಕು ಅಂತ ಇದ್ದೇವೆ. ಅವಳು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನಾನು ಇಲ್ಲೇ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ, ಹಾಗಾಗಿ ದುಡ್ಡಿನಲ್ಲಿ ಇಬ್ಬರೂ ಸಮ ಅಲ್ಲ. ನಾನು ಸಸ್ಯಾಹಾರಿ, ಅವಳು ಎಲ್ಲಾ ತಿನ್ನುತ್ತಾಳೆ. ನವೆಂಬರ್‌ನಲ್ಲಿ ಹೊರಡೋಣ, ಅಲ್ಲಿ ಬೈಕ್ ಬಾಡಿಗೆಗೆ ತಗೊಳ್ಳೋಣ ಅಂತಾಳೆ. ಇದುವರೆಗೆ ಇಬ್ಬರೂ ಸೇರಿ ಮೂರು ದಿನಕ್ಕಿಂತ ಜಾಸ್ತಿ ಎಲ್ಲೂ ಹೋಗಿಲ್ಲ. ಅಮ್ಮ ಬೇರೇನೂ ಕೇಳಲ್ಲ, ಒಂದೇ ಮಾತು: "ಗೊತ್ತಿಲ್ಲದ ದೇಶ, ನಡುವೆ ಜಗಳ ಆದ್ರೆ ಏನ್ ಮಾಡ್ತೀರಿ?" ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಉತ್ತರ: ನಿಮ್ಮ ಅಮ್ಮ ಕೇಳಿದ್ದೇ ಮುಖ್ಯವಾದ ಪ್ರಶ್ನೆ, ಅದರಿಂದಲೇ ಶುರು ಮಾಡುತ್ತೇನೆ. ವೀಸಾ, ಬೈಕು, ಊಟ ಎಲ್ಲಾ ಆಮೇಲೆ.

ಶಿವಮೊಗ್ಗದಲ್ಲಿ ಕೂತು ಹೆಂಗಸರ ಸಣ್ಣ ಗುಂಪುಗಳಿಗೆ ಪ್ರವಾಸದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ವಿಯೆಟ್ನಾಂಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ, 2023ರ ಕೊನೆಯಲ್ಲಿ, ಗೆಳತಿಯೊಬ್ಬಳ ಜೊತೆ ಹನ್ನೊಂದು ವಾರ. ಆ ಹನ್ನೊಂದು ವಾರದಲ್ಲಿ ನಾವು ಎರಡು ಸಲ ಮಾತು ಬಿಟ್ಟೆವು. ಇಬ್ಬರೂ ಒಳ್ಳೆಯವರೇ, ಇವತ್ತಿಗೂ ಗೆಳತಿಯರೇ. ಆದರೂ ಆಯಿತು. ಹಾಗಾಗಿ ಜಗಳ ಆಗಲ್ಲ ಅಂತ ಅಮ್ಮನಿಗೆ ಮಾತು ಕೊಡಬೇಡಿ. ಆಗುತ್ತದೆ. ಆದಾಗ ಏನು ಮಾಡುತ್ತೇವೆ ಅಂತ ಮೊದಲೇ ಮಾತಾಡಿಕೊಂಡಿದ್ದೇವೆ ಅಂತ ಹೇಳಿ, ಹೇಳುವ ಮುಂಚೆ ನಿಜವಾಗಲೂ ಮಾತಾಡಿಕೊಂಡಿರಿ. ಹೊರಡುವ ಮುಂಚೆಯೇ ಬೇರೆ ಆಗುವ ಮಾತು ಯಾಕೆ, ಅಪಶಕುನ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆ ಮಾತು ಆಡದೆ ಹೋಗಿದ್ದಕ್ಕೇ ನಮಗೆ ತೊಂದರೆ ಆಗಿದ್ದು.

ಏನಾಯಿತು ಅಂತ ಹೇಳುತ್ತೇನೆ. ನವೆಂಬರ್ ತಿಂಗಳು, ನಾವು ಹುಯೆ ಅನ್ನುವ ಊರಲ್ಲಿದ್ದೆವು. ದೇಶದ ನಡುಭಾಗದಲ್ಲಿದೆ, ಹಳೆಯ ರಾಜಧಾನಿ. ಐದು ದಿನ ಬಿಡದೆ ಮಳೆ. ಆಗುಂಬೆ ಮಳೆ ನೋಡಿ ಬೆಳೆದವಳಿಗೆ ಮಳೆ ಏನು ಹೊಸದಾ? ಆದರೆ ಮನೆಯ ಜಗಲಿಯಲ್ಲಿ ಕೂತು ನೋಡುವ ಮಳೆ ಬೇರೆ, ಹತ್ತಡಿ ಕೋಣೆಯಲ್ಲಿ ಒದ್ದೆ ಬಟ್ಟೆ ನೇತುಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕಳೆಯುವ ಮಳೆ ಬೇರೆ. ಆ ಸಂಜೆ ನಾನು ಕೆಳಗೆ ಹೋಗಿ ಎರಡು ಸುಟ್ಟ ಜೋಳ ತಂದೆ. 20 ಸಾವಿರ ಡಾಂಗ್. ಅಲ್ಲಿನ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಮಳೆ, ಮಬ್ಬು ಬೆಳಕು, ನಾನು ದೊಡ್ಡ ನೋಟು ಕೊಟ್ಟು ಬಂದುಬಿಟ್ಟಿದ್ದೆ. ರಾತ್ರಿ ಲೆಕ್ಕ ಬರೆಯುವಾಗ ಗೊತ್ತಾಯಿತು. ಗೆಳತಿ ಒಂದು ಮಾತೂ ಆಡಲಿಲ್ಲ. ಪುಸ್ತಕದಲ್ಲಿ "ಹೋದದ್ದು 4,80,000" ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. ನಮ್ಮ ರೂಪಾಯಿಯಲ್ಲಿ ಸಾವಿರದ ಆರುನೂರು. ನನಗೆ ದುಡ್ಡು ಹೋಗಿದ್ದಕ್ಕಿಂತ ಆ ಎರಡನೇ ಗೆರೆ ಜಾಸ್ತಿ ಉರಿಯಿತು. ಎರಡು ದಿನ ಮಾತಿಲ್ಲ.

ಮೂರನೇ ದಿನ ಮಳೆ ಸ್ವಲ್ಪ ಬಿಟ್ಟಿತು, ಮೊದಲೇ ಹೇಳಿಟ್ಟಿದ್ದ ಹಳ್ಳಿ ಮನೆಯೊಂದಕ್ಕೆ ಹೋದೆವು. ಅಲ್ಲಿ ಒಬ್ಬ ಅಜ್ಜಿ, ಹಲ್ಲೆಲ್ಲಾ ಕಪ್ಪು, ಮೆಟ್ಟಿಲ ಮೇಲೆ ಕೂತು ಹಸಿರು ಅಡಿಕೆಯನ್ನು ಸಿಪ್ಪೆ ಸಮೇತ ಉದ್ದುದ್ದ ಸೀಳುತ್ತಿದ್ದರು. ಎಲೆಗೆ ಸುಣ್ಣ ಸವರಿದರು, ಮಡಿಸಿದರು, ನಮಗೆ ಒಂದೊಂದು ಕೊಟ್ಟರು. ಮನೆಯ ಹುಡುಗಿ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಳು: ವೀಳ್ಯ ಮೊದಲು, ಮಾತು ಆಮೇಲೆ ಅಂತ ಅವರಲ್ಲೊಂದು ಗಾದೆ ಇದೆಯಂತೆ. ಅವರ ಮದುವೆಗಳಲ್ಲಿ ಇವತ್ತಿಗೂ ಗಂಡಿನ ಕಡೆಯವರು ಅಡಿಕೆ, ವೀಳ್ಯದೆಲೆ ತಟ್ಟೆಯಲ್ಲಿಟ್ಟು ತರುತ್ತಾರೆ. ನಾನು ಅಡಿಕೆ ತೋಟದ ಮನೆಯವಳು, ಸುಮ್ನೆ ಬಾಯಿಗೆ ಹಾಕಿಕೊಂಡೆ. ಗೆಳತಿ ಬಳ್ಳಾರಿ ಕಡೆಯವಳು, ರೂಢಿ ಇಲ್ಲ, ನಾಲಿಗೆ ಸುಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. "ಸುಣ್ಣ ಜಾಸ್ತಿ ಆಯ್ತಾ?" ಅಂದೆ. ಎರಡು ದಿನದಲ್ಲಿ ಅದು ನನ್ನ ಬಾಯಿಂದ ಬಂದ ಮೊದಲ ಮಾತು. ಆ ರಾತ್ರಿ ಕೂತು ಮೂರು ಒಪ್ಪಂದ ಮಾಡಿಕೊಂಡೆವು. ಊರಲ್ಲೇ ಮಾಡಿಕೊಳ್ಳಬೇಕಿತ್ತು. ನೀವು ಊರಲ್ಲೇ ಮಾಡಿಕೊಳ್ಳಿ.

ಮೊದಲನೆಯದು ಸ್ವಲ್ಪ ಹೊತ್ತಿನ ಮಟ್ಟಿಗೆ ಬೇರೆ ಆಗುವುದು. ನಮ್ಮಿಬ್ಬರ ನಡುವೆ "ಕಷಾಯ" ಅಂತ ಒಂದು ಗುಟ್ಟಿನ ಮಾತು ಇತ್ತು. ಯಾರಾದರೂ "ನನಗೆ ಕಷಾಯ ಬೇಕು" ಅಂದರೆ ಇನ್ನೊಬ್ಬರು ಯಾಕೆ, ಏನಾಯ್ತು, ನಾನೇನು ಮಾಡಿದೆ ಅಂತ ಕೇಳುವ ಹಾಗಿಲ್ಲ. ಮುಂದಿನ ಊಟದವರೆಗೆ ಅವರ ಪಾಡಿಗೆ ಬಿಡಬೇಕು. ಇಷ್ಟು ಸಣ್ಣ ವಿಷಯ, ಆದರೆ ಇದು ಕೆಲಸ ಮಾಡಿದ ಹಾಗೆ ಬೇರೆ ಯಾವುದೂ ಮಾಡಲಿಲ್ಲ. ಯಾಕೆ ಅಂದರೆ, ದಣಿದವರಿಗೆ ತಾವು ಯಾಕೆ ಸಿಡುಕುತ್ತಿದ್ದೇವೆ ಅಂತ ವಿವರಿಸುವ ತ್ರಾಣ ಇರುವುದಿಲ್ಲ, ವಿವರಿಸಿ ಅಂತ ಕೇಳಿದರೆ ಅಲ್ಲೇ ಜಗಳ ಶುರು.

ಎರಡನೆಯದು ವಾರಕ್ಕೊಂದು ದಿನ. ಜಗಳ ಆಗಲಿ ಆಗದಿರಲಿ, ವಾರದಲ್ಲಿ ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೆ ಅವರವರ ದಾರಿ ಅವರವರಿಗೆ. ಇದನ್ನು ಕೋಪ ಬಂದಾಗ ಮಾತ್ರ ಮಾಡಿದರೆ ಶಿಕ್ಷೆ ಆಗುತ್ತದೆ, ಪ್ರತಿ ವಾರ ಮಾಡಿದರೆ ರೂಢಿ ಆಗುತ್ತದೆ. ನಿಮ್ಮ ಗೆಳತಿ ಮ್ಯೂಸಿಯಂ ನೋಡಲಿ, ನೀವು ಮಾರ್ಕೆಟ್ಟಿನಲ್ಲಿ ಕೂತು ಕಾಫಿ ಕುಡಿಯಿರಿ. ರಾತ್ರಿ ಸೇರಿದಾಗ ಹೇಳಿಕೊಳ್ಳಲು ಇಬ್ಬರಿಗೂ ಏನಾದರೂ ಇರುತ್ತದೆ. ಆರನೇ ವಾರದ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ, ಏಕೆಂದರೆ ಒಟ್ಟಿಗೇ ಎಲ್ಲಾ ನೋಡಿದವರ ಹತ್ತಿರ ಮಾತಾಡಲು ಏನೂ ಉಳಿದಿರಲ್ಲ.

ಮೂರನೆಯದು ಕಷ್ಟದ್ದು. ಇಬ್ಬರಲ್ಲಿ ಯಾರು ಬೇಕಾದರೂ, ಯಾವ ದಿನ ಬೇಕಾದರೂ, ಕಾರಣ ಹೇಳದೆ ಊರಿಗೆ ವಾಪಸ್ ಹೊರಡಬಹುದು. ಉಳಿದವರು ಮುಂದುವರಿಯಬಹುದು ಅಥವಾ ಅವರೂ ಬರಬಹುದು, ಅದು ಅವರಿಷ್ಟ. ಇಬ್ಬರ ಬಾಯಲ್ಲೂ ಈ ಮಾತು ಹೊರಡುವ ಮುಂಚೆ ಬರಬೇಕು. ಇದು ಬರೀ ಮಾತಲ್ಲ, ಇದಕ್ಕೆ ತಕ್ಕ ಹಾಗೆ ಕೆಲಸ ಮಾಡಿಡಬೇಕು: ವಿಮಾನದ ಟಿಕೆಟ್ ಇಬ್ಬರದೂ ಬೇರೆ ಬೇರೆ ಬುಕ್ ಮಾಡಿ, ಒಂದೇ ಪಿಎನ್‌ಆರ್‌ನಲ್ಲಿ ಬೇಡ. ಇಬ್ಬರಿಗೂ ವಿದೇಶದಲ್ಲಿ ದುಡ್ಡು ಬಳಸುವ ಫಾರೆಕ್ಸ್ ಕಾರ್ಡ್ ಬೇರೆ, ಸಿಮ್ ಬೇರೆ. ಒಬ್ಬರ ಬ್ಯಾಗಲ್ಲಿ ಇಬ್ಬರ ಪಾಸ್‌ಪೋರ್ಟ್ ಯಾವತ್ತೂ ಬೇಡ. ವಾಪಸ್ ಬರುವಷ್ಟು ದುಡ್ಡು ಇಬ್ಬರ ಖಾತೆಯಲ್ಲೂ ಮುಟ್ಟದೆ ಇರಬೇಕು. ಹೊರಡಬಹುದು ಅಂತ ಗೊತ್ತಿದ್ದವರು ಉಳಿಯುವುದೇ ಜಾಸ್ತಿ. ನಮ್ಮಲ್ಲೂ ಯಾರೂ ಹೊರಡಲಿಲ್ಲ.

ಈಗ ದುಡ್ಡು. ನೀವು ಸೊಸೈಟಿಯಲ್ಲಿ ಲೆಕ್ಕ ಬರೆಯುವವರು, ನಿಮಗೆ ಇದು ಸುಲಭ. ಇಬ್ಬರಿಗೂ ಸೇರಿ ಒಂದು ಪರ್ಸ್ ಇಡಿ. ಪ್ರತಿ ಸೋಮವಾರ ಇಬ್ಬರೂ ಅದಕ್ಕೆ ಸಮನಾಗಿ ಹಾಕಿ, ಉದಾಹರಣೆಗೆ 20 ಲಕ್ಷ ಡಾಂಗ್. ಲಕ್ಷ ಅಂದ ತಕ್ಷಣ ಹೆದರಬೇಡಿ, ಅಂದಾಜು 300 ಡಾಂಗ್‌ಗೆ ಒಂದು ರೂಪಾಯಿ, ಅಂದರೆ ಆರೂವರೆ ಸಾವಿರದ ಆಸುಪಾಸು. ಕೋಣೆ, ಬಸ್ಸು, ಒಟ್ಟಿಗೆ ಮಾಡಿದ ಊಟ ಆ ಪರ್ಸಿನಿಂದ. ಕಾಫಿ, ಬಟ್ಟೆ, ಗೆಳತಿಯ ಸೀಗಡಿ ಅವರವರ ಜೇಬಿನಿಂದ. ಒಂದು ವಾರ ಪರ್ಸ್ ನಿಮ್ಮ ಹತ್ತಿರ, ಮುಂದಿನ ವಾರ ಅವರ ಹತ್ತಿರ. ರಾತ್ರಿ ಐದು ನಿಮಿಷ ಲೆಕ್ಕ. ಕಳೆದುಹೋದದ್ದು, ಮೋಸ ಹೋದದ್ದು, ತಪ್ಪು ನೋಟು ಕೊಟ್ಟದ್ದು ಎಲ್ಲಾ ಸಾಮಾನ್ಯ ಪರ್ಸಿನ ಖರ್ಚು, ಯಾರ ತಲೆಗೂ ಕಟ್ಟುವ ಹಾಗಿಲ್ಲ. ಗೆರೆ ಎಳೆಯುವ ಹಾಗೂ ಇಲ್ಲ. 20 ಸಾವಿರದ ನೋಟುಗಳನ್ನು ಒಂದು ಕಡೆ, 5 ಲಕ್ಷದವನ್ನು ಪರ್ಸಿನ ಒಳಗಿನ ಜಿಪ್‌ನಲ್ಲಿ ಇಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇಬ್ಬರ ಸಂಬಳ ಸಮ ಇಲ್ಲ ಅಂದಿರಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇದೆ: ಕೋಣೆಗೆ ಎಷ್ಟು, ದಿನಕ್ಕೆ ಎಷ್ಟು ಅನ್ನುವ ಮಿತಿಯನ್ನು ಕಡಿಮೆ ಇರುವವರು ಹೇಳಬೇಕು. ನೀವು ಹೇಳಬೇಕು. ಮೊದಲ ದಿನವೇ, ಸಂಖ್ಯೆಯಲ್ಲಿ. "ನೋಡೋಣ, ಅಡ್ಜಸ್ಟ್ ಮಾಡ್ಕೊಳ್ಳೋಣ" ಅಂದರೆ ಎರಡನೇ ತಿಂಗಳಲ್ಲಿ ನೀವು ಊಟ ಕಡಿಮೆ ಮಾಡಿ ದುಡ್ಡು ಉಳಿಸುತ್ತಿರುತ್ತೀರಿ, ಅವರಿಗೆ ಗೊತ್ತೂ ಆಗಲ್ಲ. ಇಬ್ಬರು ಇರುವ ಸಾಧಾರಣ ಗೆಸ್ಟ್‌ಹೌಸ್ ಕೋಣೆ 3ರಿಂದ 4 ಲಕ್ಷ ಡಾಂಗ್‌ಗೆ ಸಿಗುತ್ತದೆ, ಸಾವಿರದಿಂದ ಸಾವಿರದ ಮುನ್ನೂರು ರೂಪಾಯಿ. ಅವರಿಗೆ ಒಂದು ದಿನ ಸಮುದ್ರ ಕಾಣುವ ಹೋಟೆಲ್ ಬೇಕು ಅನ್ನಿಸಿದರೆ ಮೇಲಿನ ದುಡ್ಡು ಅವರು ಕೊಡಲಿ, ಉಡುಗೊರೆ ಅಂತ ಹೇಳಿ ಕೊಡಲಿ, ಆಮೇಲೆ ಆ ಮಾತು ಎತ್ತದಿರಲಿ. ನೀವೂ ಸಂತೋಷವಾಗಿ ತಗೊಳ್ಳಿ.

ಇಷ್ಟೆಲ್ಲಾ ಬಾಯಲ್ಲಿ ಒಪ್ಪಿಕೊಂಡರೆ ಸಾಲದು. ಮೂರು ದಿನಕ್ಕಿಂತ ಜಾಸ್ತಿ ಒಟ್ಟಿಗೆ ಇದ್ದಿಲ್ಲ ಅಂದಿರಲ್ಲಾ, ನನಗೆ ಬೈಕಿಗಿಂತ ದೊಡ್ಡ ಚಿಂತೆ ಅದೇ. ಟಿಕೆಟ್ ತಗೊಳ್ಳುವ ಮುಂಚೆ ಎಂಟು ದಿನ ಮಲೆನಾಡಿನಲ್ಲೇ ಸುತ್ತಿ ಬನ್ನಿ. ಕಾರು ಬೇಡ. ಸಾಗರದಿಂದ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕಳಸ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೋದರೆ 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ, ಆಧಾರ್ ಇಟ್ಟುಕೊಂಡರೆ ಆಯಿತು. ಖಾಸಗಿ ಬಸ್ಸು ಮಾತ್ರ ಇರುವ ಕಡೆ ಟಿಕೆಟ್ ಕೊಡಿ. ತಲಾ ಒಂದೇ ಬ್ಯಾಗ್, ವಿಯೆಟ್ನಾಂಗೆ ಒಯ್ಯುವುದೇ. ಒಂದೇ ಕೋಣೆ. ಅದೇ ಸಾಮಾನ್ಯ ಪರ್ಸ್, ಅದೇ ರಾತ್ರಿ ಲೆಕ್ಕ, ನಡುವೆ ಒಂದು ದಿನ ಬೇರೆ ಬೇರೆ. ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ. ಬಿಸಿಲಲ್ಲಿ ಎಲ್ಲರೂ ಒಳ್ಳೆಯವರೇ.

ಎರಡನೇ ಸಲ ವಿಯೆಟ್ನಾಂಗೆ ಹೋಗುವ ಮುಂಚೆ ನಾನು ಹೊಸ ಜೊತೆಗಾತಿಯನ್ನು ಹೀಗೇ ಸುತ್ತಿಸಿದೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಎರಡು ಗಂಟೆ ಕಾದೆವು. ಮೊದಲ ಅರ್ಧ ಗಂಟೆ ಚೆನ್ನಾಗಿ ಮಾತಾಡುತ್ತಿದ್ದವರು ಆಮೇಲೆ ಸುಮ್ಮನಾದರು. ಕೇಳಿದ್ದಕ್ಕೆಲ್ಲಾ "ಹೂಂ" ಅಷ್ಟೇ. ನನ್ನ ಮೇಲೆ ಏನೋ ಬೇಜಾರು ಅಂದುಕೊಂಡೆ. ಎದುರಿನ ಹೋಟೆಲಿನಲ್ಲಿ ಎರಡು ಗೋಳಿಬಜೆ ತಿಂದ ಮೇಲೆ ಮತ್ತೆ ಮೊದಲಿನ ಹಾಗಾದರು. ಹಸಿದರೆ ಅವರು ಮಾತು ನಿಲ್ಲಿಸುತ್ತಾರೆ, ಬೇರೇನೂ ಇಲ್ಲ. ಮುಂದೆ ವಿಯೆಟ್ನಾಂನಲ್ಲಿ ಅವರು ಸುಮ್ಮನಾದಾಗಲೆಲ್ಲಾ ನಾನು ಬ್ಯಾಗಿನಿಂದ ಕಡಲೆ ಚಿಕ್ಕಿ ತೆಗೆದು ಕೊಟ್ಟಿದ್ದೇನೆ. ಇಂಥವು ಗೊತ್ತಾಗಬೇಕು: ಅವರು ಎಷ್ಟು ಗಂಟೆಗೆ ಏಳುತ್ತಾರೆ, ಬಸ್ ತಪ್ಪಿದರೆ ಯಾರನ್ನು ಬೈಯುತ್ತಾರೆ, ಚೌಕಾಸಿ ಮಾಡಲು ನಾಚುತ್ತಾರಾ, ರಾತ್ರಿ ಲೈಟ್ ಆರಿಸಿದ ಮೇಲೆ ಫೋನ್ ನೋಡುತ್ತಾರಾ. ಎಂಟು ದಿನ ಆದ ಮೇಲೆ ಇಬ್ಬರಲ್ಲಿ ಒಬ್ಬರಿಗಾದರೂ "ಬೇಡ" ಅನ್ನಿಸಿದರೆ ಮೂರು ತಿಂಗಳ ಯೋಜನೆ ಮೂರು ವಾರಕ್ಕೆ ಇಳಿಸಿ. ಸ್ನೇಹ ಉಳಿಯುತ್ತದೆ, ವಿಯೆಟ್ನಾಂ ಎಲ್ಲೂ ಹೋಗಲ್ಲ.

ನವೆಂಬರ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ವಿಯೆಟ್ನಾಂ ಉದ್ದನೆಯ ದೇಶ, ಒಂದೇ ತಿಂಗಳಲ್ಲಿ ಎಲ್ಲಾ ಕಡೆ ಒಂದೇ ಹವೆ ಇರಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಉತ್ತರ ಚೆನ್ನಾಗಿರುತ್ತದೆ, ಆದರೆ ನಡುಭಾಗದ ಹುಯೆ, ಡಾ ನಾಂಗ್, ಹೊಯ್ ಆನ್ ಕಡೆ ಜೋರು ಮಳೆ, ಪ್ರವಾಹ. ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ ಅವರ ಹೊಸ ವರ್ಷ, ತೆತ್ ಹಬ್ಬ, ಬರುತ್ತದೆ. ನಮ್ಮ ಯುಗಾದಿ, ದೀಪಾವಳಿ ಎರಡೂ ಸೇರಿದಷ್ಟು ದೊಡ್ಡದು. ಎಲ್ಲರೂ ಊರಿಗೆ ಹೋಗುತ್ತಾರೆ, ಬಸ್ಸು ರೈಲು ತುಂಬಿರುತ್ತವೆ, ಅಂಗಡಿ ಮುಚ್ಚಿರುತ್ತವೆ. ಇನ್ನೊಂದು ಮಾತು, ನವೆಂಬರ್‌ನಿಂದ ಮೂರು ತಿಂಗಳು ಅಂದರೆ ಮನೆಯಲ್ಲಿ ಅಡಿಕೆ ಕೊಯ್ಲಿನ ಕಾಲ. ನಿಮ್ಮ ಮನೆಯಲ್ಲೂ ತೋಟ ಇದ್ದರೆ ಆಗ ಹೊರಟವರ ಮನಸ್ಸು ಅರ್ಧ ಅಂಗಳದಲ್ಲೇ ಇರುತ್ತದೆ.

ತೆತ್ ಮುಗಿದ ಮೇಲೆ, ಫೆಬ್ರವರಿ ಕೊನೆಗೆ ಹೊರಡಿ. ದಕ್ಷಿಣದ ಹೋ ಚಿ ಮಿನ್ ಸಿಟಿಯಲ್ಲಿ ಇಳಿಯಿರಿ, ಆಗ ಅಲ್ಲಿ ಮಳೆ ಇರಲ್ಲ. ಮಾರ್ಚ್‌ನಲ್ಲಿ ನಡುವಿನ ಬೆಟ್ಟಗಳು: ಸುಮಾರು 1,500 ಮೀಟರ್ ಎತ್ತರದ ಡಾ ಲಾಟ್, ಆಮೇಲೆ ಕಾಫಿಯ ಸೀಮೆ ಬುವಾನ್ ಮಾ ಥುವಟ್. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಂ, ಅದರಲ್ಲೂ ರೋಬಸ್ಟಾದಲ್ಲಿ ಅವರೇ ಮೊದಲು. ಕಾಳುಮೆಣಸಿನಲ್ಲೂ ಅವರೇ ಮುಂದೆ. ಇಲ್ಲಿ ಮಂಡಿಯಲ್ಲಿ ಮೆಣಸಿನ ರೇಟ್ ಬಿದ್ದಾಗ ಬೈಸಿಕೊಳ್ಳುವ ದೇಶ ಅದೇ. ಅವರ ಮೆಣಸಿನ ತೋಟದಲ್ಲಿ ನಿಂತು, ಬಳ್ಳಿಯನ್ನು ಹೇಗೆ ಹಬ್ಬಿಸಿದ್ದಾರೆ, ನೀರು ಹೇಗೆ ಕೊಡುತ್ತಾರೆ ಅಂತ ನೋಡಿ. ನಮ್ಮ ಕಡೆಯವರು ನೋಡಲೇಬೇಕಾದ ಜಾಗ ಇದು ಅಂತ ನನಗೆ ಅನ್ನಿಸುತ್ತದೆ, ದೇವಸ್ಥಾನ, ಕಡಲತೀರಕ್ಕಿಂತ ಜಾಸ್ತಿ. ಅಲ್ಲಿ ಕಾಫಿ ಹೂವಿನ ಕಾಲವೂ ಅದೇ. ಏಪ್ರಿಲ್‌ನಲ್ಲಿ ಕರಾವಳಿ. ಏಪ್ರಿಲ್ 30, ಮೇ 1 ಅವರಿಗೆ ರಜೆ, ಆ ವಾರ ಜನಜಂಗುಳಿ, ಹಾಗಾಗಿ ಕೋಣೆ ಮುಂಚೆಯೇ ಹೇಳಿಡಿ. ಮೇ ತಿಂಗಳಲ್ಲಿ ಉತ್ತರ: ಹನೋಯ್, ಆಮೇಲೆ ಹಾ ಜಾಂಗ್ ಬೆಟ್ಟಗಳು. ಮೆಟ್ಟಿಲು ಗದ್ದೆಗಳಿಗೆ ನೀರು ಕಟ್ಟುವ ಸಮಯ ಅದು. ಮೇ 20ರ ಹೊತ್ತಿಗೆ ವಾಪಸ್, ನಮ್ಮ ಮುಂಗಾರಿಗೆ ಮುಂಚೆ ಮನೆಯಲ್ಲಿ.

ವೀಸಾ ಕಷ್ಟ ಏನಿಲ್ಲ. 2023ರ ಆಗಸ್ಟ್ 15ರಿಂದ ಇ-ವೀಸಾ 90 ದಿನಕ್ಕೆ ಸಿಗುತ್ತದೆ. ಒಂದೇ ಸಲ ಒಳಗೆ ಹೋಗುವುದಕ್ಕೆ 25 ಡಾಲರ್, ನಡುವೆ ಲಾವೋಸ್, ಕಾಂಬೋಡಿಯಾ ನೋಡಿ ಮತ್ತೆ ಬರುವ ಆಸೆ ಇದ್ದರೆ 50 ಡಾಲರ್. ಅವರ ಸರ್ಕಾರದ್ದೇ ಜಾಲತಾಣದಲ್ಲಿ ಅರ್ಜಿ ಹಾಕಿ. ಅದರಂತೆ ಕಾಣುವ ಖಾಸಗಿ ತಾಣಗಳು ಜಾಸ್ತಿ ದುಡ್ಡು ಕೇಳುತ್ತವೆ. ಎರಡು ವಿಷಯ ಮಾತ್ರ ಜೋಪಾನ. ಒಂದು, ಹೆಸರು. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ, ಪಾಸ್‌ಪೋರ್ಟ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಅಕ್ಷರ ಅಕ್ಷರ ಬರೆಯಿರಿ. ಎರಡು, ಮೂರು ತಿಂಗಳು ಅಂದರೆ 90 ದಿನ ಅಲ್ಲ. ನವೆಂಬರ್ 1ಕ್ಕೆ ಹೋಗಿ ಜನವರಿ 31ಕ್ಕೆ ಬಂದರೆ 92 ದಿನ ಆಗುತ್ತದೆ, ದಂಡ ಕಟ್ಟಬೇಕು. ವೀಸಾದ ದಿನ ಎಣಿಸುವುದು ಅದರಲ್ಲಿ ಬರೆದ ತಾರೀಖಿನಿಂದ, ನೀವು ಇಳಿದ ದಿನದಿಂದ ಅಲ್ಲ. 85 ದಿನದ ಯೋಜನೆ ಮಾಡಿ, ಐದು ದಿನ ಜ್ವರಕ್ಕೆ, ತಪ್ಪಿದ ರೈಲಿಗೆ ಇಟ್ಟುಕೊಳ್ಳಿ.

ಬೈಕ್ ವಿಷಯದಲ್ಲಿ ನಿಮ್ಮ ಗೆಳತಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ಟನ್ನು. ಅಂದರೆ ನಮ್ಮದು ಅಲ್ಲಿ ನಡೆಯಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಡುತ್ತಾರೆ, ಅದರಿಂದಲೇ ಎಲ್ಲರೂ ಮೋಸ ಹೋಗುವುದು. ಬಿದ್ದು ಕಾಲು ಮುರಿದ ದಿನ ಇನ್ಶೂರೆನ್ಸ್‌ನವರು ಲೈಸೆನ್ಸ್ ಕೇಳುತ್ತಾರೆ. ಆಸ್ಪತ್ರೆ ಬಿಲ್ ಪೂರ್ತಿ ಕೈಯಿಂದ. ಅಲ್ಲದೆ ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಇಷ್ಟು ವರ್ಷದ ಎಡಗಡೆಯ ರೂಢಿ ತಿರುವಿನಲ್ಲಿ ಕೈಕೊಡುತ್ತದೆ. ಡಾ ಲಾಟ್, ಹಾ ಜಾಂಗ್ ಎರಡೂ ಕಡೆ ಊರಿನ ಬೈಕ್ ಸವಾರರೇ ಹಿಂದೆ ಕೂರಿಸಿಕೊಂಡು ದಿನಗಟ್ಟಲೆ ಸುತ್ತಿಸುತ್ತಾರೆ. ಇಬ್ಬರಿಗೆ ಇಬ್ಬರು ಸವಾರರು. ಕಣಿವೆ ನೋಡಲೂ ಆಗುತ್ತದೆ, ರಸ್ತೆ ನೋಡುವ ಕೆಲಸ ಅವರದು.

ಉಳಿದ ಕಡೆ ರೈಲು. ಹನೋಯ್‌ಗೂ ಹೋ ಚಿ ಮಿನ್ ಸಿಟಿಗೂ ನಡುವೆ 1,726 ಕಿಲೋಮೀಟರ್ ಹಳಿ ಇದೆ, ಒಂದೇ ಉಸಿರಿಗೆ ಹೋಗಬೇಡಿ, ತುಂಡು ತುಂಡಾಗಿ ಹೋಗಿ. ಡಾ ನಾಂಗ್‌ನಿಂದ ಹುಯೆಗೆ ಹೋಗುವ ಮೂರು ಗಂಟೆ ಹಗಲಲ್ಲೇ ಮಾಡಿ, ಬಲಗಡೆ ಕಿಟಕಿ ಹಿಡಿಯಿರಿ. ಹೈ ವಾನ್ ಘಟ್ಟದಲ್ಲಿ ರೈಲು ಸಮುದ್ರದ ಮೇಲೇ ತೂಗಿದ ಹಾಗೆ ಹೋಗುತ್ತದೆ. ರಾತ್ರಿ ಸ್ಲೀಪರ್ ಬಸ್ಸೂ ಇವೆ, ಹತ್ತುವಾಗ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕು. ವಾರಕ್ಕೆ ಒಂದಕ್ಕಿಂತ ಜಾಸ್ತಿ ರಾತ್ರಿ ಪ್ರಯಾಣ ಬೇಡ. ನಮ್ಮ ಎರಡನೇ ಜಗಳ ನಿದ್ದೆ ಇಲ್ಲದ ಎರಡು ರಾತ್ರಿಯ ಮರುದಿನವೇ ಆಗಿದ್ದು, ಯಾಕೆ ಅಂತ ಈಗ ನನಗೂ ನೆನಪಿಲ್ಲ.

ಊಟ. ನಿಮಗೆ ಅಲ್ಲಿ ಬೇಕಾಗುವ ಒಂದೇ ಪದ "ಚಾಯ್". ಚಹಾ ಅಲ್ಲ, ಸಸ್ಯಾಹಾರ. "ಕಮ್ ಚಾಯ್" ಅಂತ ಬೋರ್ಡ್ ಇರುವ ಅಂಗಡಿ ಅಂದರೆ ಸಸ್ಯಾಹಾರದ ಊಟ, ಬೌದ್ಧರದು. ಅವರ ಚಾಂದ್ರ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ, ತುಂಬಾ ಜನ ಮಾಂಸ ಬಿಡುತ್ತಾರೆ, ಆ ದಿನ ಇಂಥ ಅಂಗಡಿ ತುಂಬಿ ತುಳುಕುತ್ತವೆ. ಬೇರೆ ಅಂಗಡಿಯಲ್ಲಿ ಬರೀ ತರಕಾರಿ ಅಂತ ಕೇಳಿದರೆ ಸಾಲದು. ಮೀನು ಕೊಳೆಹಾಕಿ ಮಾಡಿದ ಸಾಸ್, ನುಕ್ ಮಾಮ್, ಎಲ್ಲದಕ್ಕೂ ಬೀಳುತ್ತದೆ. ಅವರಿಗೆ ಅದು ನಮ್ಮ ಉಪ್ಪಿನ ಹಾಗೆ, ಹೇಳದಿದ್ದರೆ ಹಾಕುತ್ತಾರೆ. ನೀವು ಎಷ್ಟರ ಮಟ್ಟಿಗೆ ಕಟ್ಟುನಿಟ್ಟು ಅಂತ ಹೊರಡುವ ಮುಂಚೆ ಗೆಳತಿಗೆ ಸ್ಪಷ್ಟವಾಗಿ ಹೇಳಿ. ಅದೇ ಬಾಣಲೆಯಲ್ಲಿ ಮಾಡಿದ್ದು ನಡೆಯುತ್ತದಾ, ಅವರು ಪಕ್ಕದಲ್ಲಿ ಏಡಿ ತಿಂದರೆ ವಾಸನೆ ಆಗುತ್ತದಾ. ಮಧ್ಯಾಹ್ನ ಅವರವರ ಊಟ, ರಾತ್ರಿ ಒಟ್ಟಿಗೆ ಚಾಯ್ ಅಂಗಡಿ ಅಂತ ಇಟ್ಟುಕೊಂಡರೆ ಇಬ್ಬರಿಗೂ ನೆಮ್ಮದಿ. ಅಕ್ಕಿಯ ತೆಳು ಹಾಳೆ ಮಾಡುವುದನ್ನು ಎಲ್ಲಾದರೂ ನೋಡಿ: ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟು ಸವರಿ ಹಬೆಯಲ್ಲಿ ಬೇಯಿಸುತ್ತಾರೆ. ಬೋರಲು ಹಾಕಿದ ಗಡಿಗೆಯ ಮೇಲೆ ತೊಡೆದೇವು ಮಾಡುವುದನ್ನು ನೋಡಿ ಬೆಳೆದವರಿಗೆ ಆ ಕೈಯ ಚಲನೆ ನೋಡಿದರೆ ಕಣ್ಣು ತುಂಬುತ್ತದೆ.

ಆರೋಗ್ಯದ ವಿಷಯದಲ್ಲಿ ಒಂದೇ ನಿಯಮ: ಒಬ್ಬರಿಗೆ ಜ್ವರ ಬಂದರೆ ಇಬ್ಬರ ಪ್ರಯಾಣವೂ ನಿಲ್ಲುತ್ತದೆ. ಬುಕ್ ಆಗಿದ್ದ ಟಿಕೆಟ್ ಹೋದರೆ ಹೋಗಲಿ, ಅದು ಸಾಮಾನ್ಯ ಪರ್ಸಿನ ಖರ್ಚು. ಅಲ್ಲೂ ಡೆಂಗ್ಯೂ ಇದೆ, ಹಾಗಾಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗದೆ ರಕ್ತ ಪರೀಕ್ಷೆ ಮಾಡಿಸಿ. ಒಬ್ಬರ ರಕ್ತದ ಗುಂಪು, ಒಗ್ಗದ ಔಷಧಿ ಇನ್ನೊಬ್ಬರ ಫೋನಿನಲ್ಲಿ ಇರಲಿ. ಹೋ ಚಿ ಮಿನ್ ಸಿಟಿಯಲ್ಲಿ ರಸ್ತೆ ಬದಿ ನಿಂತು ಫೋನ್ ನೋಡಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ, ಗೋಡೆ ಕಡೆ ತಿರುಗಿ ನೋಡಿ. ಪೊಲೀಸ್ 113, ಆಂಬುಲೆನ್ಸ್ 115. ಭಾರತದ ರಾಯಭಾರ ಕಚೇರಿ ಹನೋಯ್‌ನಲ್ಲಿ, ಕಾನ್ಸುಲೇಟ್ ಹೋ ಚಿ ಮಿನ್ ಸಿಟಿಯಲ್ಲಿ. ಇಷ್ಟು ಸಾಕು. ನನ್ನ ಅನುಭವದಲ್ಲಿ ಇಬ್ಬರು ಹೆಂಗಸರು ರಾತ್ರಿ ಊಟ ಮಾಡಿ ನಡೆದು ಬರಲು ಹೆದರುವ ದೇಶ ಅದಲ್ಲ.

ಅಮ್ಮನ ಹತ್ತಿರ ಮಾತಾಡುವಾಗ ಗೆಳತಿಯನ್ನೂ ಕರೆದುಕೊಂಡು ಹೋಗಿ, ಅವರ ಮುಂದೆ ಇಬ್ಬರೂ ಕೂತು ಮೂರು ಒಪ್ಪಂದವನ್ನೂ ಹೇಳಿ. "ನಾನು ಬೇಕಾದರೆ ಒಬ್ಬಳೇ ವಾಪಸ್ ಬರಬಹುದು, ಟಿಕೆಟ್ ನನ್ನ ಹೆಸರಲ್ಲೇ ಬೇರೆ ಇದೆ, ದುಡ್ಡು ಎತ್ತಿಟ್ಟಿದ್ದೀನಿ" ಅನ್ನುವ ಮಾತು ಅವರಿಗೆ ನೀವು ಜಗಳ ಆಡಲ್ಲ ಅನ್ನುವುದಕ್ಕಿಂತ ಜಾಸ್ತಿ ಧೈರ್ಯ ಕೊಡುತ್ತದೆ. ಎರಡೂ ಮನೆಯವರ ಹತ್ತಿರ ಇಬ್ಬರ ನಂಬರ್ ಇರಲಿ. ಜಗಳ ಆದ ದಿನ ಮಾತ್ರ ಅಮ್ಮನಿಗೆ ಫೋನ್ ಮಾಡಿ ಗೆಳತಿಯ ದೂರು ಹೇಳಬೇಡಿ. ನಿಮ್ಮ ಕೋಪ ಸಂಜೆಗೆ ಇಳಿಯುತ್ತದೆ, ಅಮ್ಮನದು ವರ್ಷಗಟ್ಟಲೆ ಇಳಿಯಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಇಲ್ಲಿ ರಾತ್ರಿ ಎಂಟಕ್ಕೆ ಮನೆಯವರು ಊಟಕ್ಕೆ ಕೂರುವಾಗ ನಿಮಗೆ ಒಂಬತ್ತೂವರೆ. ವಾರಕ್ಕೆ ಎರಡು ದಿನ ಅದೇ ಹೊತ್ತಿಗೆ ಮಾತಾಡುತ್ತೇನೆ ಅಂತ ಹೇಳಿ, ಆ ಎರಡು ದಿನ ತಪ್ಪಿಸಬೇಡಿ.

ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ, ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಇಡಿ. ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎರಡು ಬಾಟಲಿ ತಗೊಳ್ಳಿ, ಗೆಳತಿಗೂ ಬೇಕಾಗುತ್ತದೆ.